ಚಿಪ್ಪಿನ ಕೆಳಗೆ ಯಾರು ನಿಲ್ಲಬೇಕು

ಕಾಂಕ್ರೀಟು ಸುರಿಯುವ ದಿನ ಎಲ್ಲರೂ ಬರುತ್ತಾರೆ. ಮಾಲೀಕರ ಕಡೆಯವರು ಬರುತ್ತಾರೆ, ಕ್ಯಾಮೆರಾ ಬರುತ್ತದೆ, ಹೊಸ ಹೆಲ್ಮೆಟ್ಟು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಕಾಂಕ್ರೀಟಿನ ಕೆಳಗಿನ ಆಸರೆ ಬಿಚ್ಚುವ ದಿನ ನೋಡಿ, ಒಬ್ಬರೂ ಸುಳಿಯುವುದಿಲ್ಲ. ಆ ದಿನ ನನ್ನ ಪಾಲಿಗೆ. ನಾನು ಫಾರ್ಮ್‌ವರ್ಕ್ ಇಂಜಿನಿಯರ್. ಹಸಿ ಕಾಂಕ್ರೀಟನ್ನು ಹಿಡಿದು ನಿಲ್ಲಿಸುವ ಅಚ್ಚು, ಕಂಬ, ಜ್ಯಾಕುಗಳ ಲೆಕ್ಕ ಹಾಕುವವಳು. ನಮ್ಮ ದಾವಣಗೆರೆಯಲ್ಲಿ ಇದಕ್ಕೆ ನೆಟ್ಟಗೆ ಸೆಂಟ್ರಿಂಗ್ ಅಂತಾರೆ. ದುಬೈಗೆ ಬಂದ ಮೇಲೆ ಹೆಸರು ಉದ್ದವಾಯಿತು, ಕೆಲಸ ಅದೇ.

ಇದು ಅಬುಧಾಬಿಯ ಸಮುದ್ರದಂಚಿನಲ್ಲಿ ನಾವು ಮಾಡಿದ ಒಂದು ಚಾವಣಿಯ ಕಥೆ. ಚಾವಣಿ ಎಂದರೆ ಅದನ್ನು ಕಲ್ಪಿಸಿದವರಿಗೆ ಸಿಟ್ಟು ಬರುತ್ತಿತ್ತು. ಶಿಲ್ಪ ಎಂದರೂ ಮುಖ ಸಿಂಡರಿಸುತ್ತಿದ್ದರು. ಹಾಗಾಗಿ ಸೈಟಿನಲ್ಲಿ ಎಲ್ಲರೂ ಅದನ್ನು ಚಿಪ್ಪು ಎಂದು ಕರೆದೆವು. ಮೂರೇ ಮೂರು ಕಡೆ ನೆಲ ಮುಟ್ಟುವ, ನಡುವೆ ಒಂದೂ ಕಂಬವಿಲ್ಲದ, ಗೇಣಿಗಿಂತ ತೆಳುವಾದ ಕಾಂಕ್ರೀಟು. ಬೆಡ್‌ಶೀಟಿನ ಮೂಲೆ ಹಿಡಿದು ಜಾಡಿಸಿದಾಗ ಅದು ಉಬ್ಬಿ ಅಲ್ಲೇ ನಿಂತುಬಿಟ್ಟರೆ ಹೇಗಿರುತ್ತದೋ ಹಾಗೆ. ಜನ ಅದರ ನೆರಳಿನಲ್ಲಿ ಕೂತು ಸಮುದ್ರ ನೋಡಬೇಕು, ಅಷ್ಟೇ ಅದರ ಉಪಯೋಗ.

ಅದನ್ನು ಕಲ್ಪಿಸಿದವರು ಫ್ರಾನ್ಸಿನ ಒಬ್ಬ ವಾಸ್ತುಶಿಲ್ಪಿ, ಶಿಲ್ಪಿಯೂ ಹೌದು. ವಯಸ್ಸು ಎಂಬತ್ತು ದಾಟಿತ್ತು, ಮೊಣಕಾಲು ಕೈಕೊಟ್ಟಿತ್ತು, ಬಾಯಿ ಮಾತ್ರ ಚುರುಕು. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಗೋಣಿಬಟ್ಟೆಯನ್ನು ಪ್ಲಾಸ್ಟರಿನಲ್ಲಿ ಅದ್ದಿ, ಮೂರು ಮೂಲೆಗೆ ದಾರ ಕಟ್ಟಿ ತೂಗಹಾಕಿ, ಗಟ್ಟಿಯಾದ ಮೇಲೆ ತಲೆಕೆಳಗು ಮಾಡಿದರೆ ಅವರ ಮಾದರಿ ಸಿದ್ಧ. ನಮ್ಮ ಆಫೀಸಿನ ಹುಡುಗಿಯರು ಅದನ್ನು ಸ್ಕ್ಯಾನ್ ಮಾಡಿ ಡ್ರಾಯಿಂಗ್ ಮಾಡಬೇಕಿತ್ತು.

ಆಸರೆ ಇಳಿಸುವ ಕ್ರಮದ ಬಗ್ಗೆ ಮೀಟಿಂಗ್ ಇಟ್ಟಾಗ ಅವರೂ ಬಂದು ಕೂತರು. ಇಂಥ ಮೀಟಿಂಗಿಗೆ ಯಾವ ಕಲಾವಿದರೂ ಬಂದಿದ್ದನ್ನು ನಾನು ಕಂಡಿರಲಿಲ್ಲ. ಪರದೆಯ ಮೇಲೆ ಚಿತ್ರ ಹಾಕಿ ವಿವರಿಸಿದೆ. ಚಿಪ್ಪಿನ ಕೆಳಗೆ ಕಬ್ಬಿಣದ ಕಂಬಗಳ ಕಾಡೇ ಇದೆ. ಪ್ರತಿ ಕಂಬದ ಬುಡದಲ್ಲಿ ಒಂದು ತಿರುಪಿನ ಜ್ಯಾಕು. ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ, ಎಲ್ಲ ಜ್ಯಾಕನ್ನೂ ಕಾಲು ಸುತ್ತು, ಮತ್ತೆ ಕಾಲು ಸುತ್ತು ಇಳಿಸುತ್ತಾ ಬರಬೇಕು. ಅವಸರ ಮಾಡಿ ಒಂದು ಕಡೆ ಮಾತ್ರ ಇಳಿಸಿದರೆ ಭಾರವೆಲ್ಲ ಇನ್ನೊಂದು ಕಡೆ ಬಿದ್ದು ಚಿಪ್ಪು ಮುರಿಯುತ್ತದೆ.

ಅವರು ಕೈಯೆತ್ತಿದರು.

“ಮದಾಮ್, ಈ ಜ್ಯಾಕು ತಿರುಗಿಸುವವರು ಎಲ್ಲಿರುತ್ತಾರೆ?”

“ಕೆಳಗೆ,” ಅಂದೆ. ಇದೆಂಥ ಪ್ರಶ್ನೆ ಅನಿಸಿತು.

“ಹಾಗಾದರೆ ನನಗೂ ಅಲ್ಲೇ ಒಂದು ಕುರ್ಚಿ ಹಾಕಿಸಿ.”

ಸೇಫ್ಟಿ ಆಫೀಸರ್ ನಕ್ಕ. ಆಮೇಲೆ ಅವರು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಿ ಖಡಾಖಂಡಿತ ಆಗುವುದಿಲ್ಲ ಎಂದ. ಸಂಬಂಧವಿಲ್ಲದವರು ಆ ಹೊತ್ತಿನಲ್ಲಿ ಚಿಪ್ಪಿನ ಕೆಳಗೆ ಹೋಗುವಂತಿಲ್ಲ. ಮುದುಕರು ಹಠ ಬಿಡಲಿಲ್ಲ. “ಅದು ನನ್ನ ಚಿಪ್ಪು. ಅದಕ್ಕೆ ನನಗಿಂತ ಸಂಬಂಧಪಟ್ಟವರು ಯಾರಿದ್ದಾರೆ?” ಮೀಟಿಂಗ್ ಅಲ್ಲಿಗೇ ಮುರಿದುಬಿತ್ತು.

ಹೊರಗೆ ಬಂದು ನಮ್ಮ ಫೋರ್‌ಮನ್‌ಗೆ ಇದನ್ನು ಹೇಳಿದೆ. ಅವರು ಬಾಗಲಕೋಟೆ ಕಡೆಯವರು, ದುಬೈನ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ತಮ್ಮ ಗ್ಯಾಂಗಿನ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ದೊಡ್ಡವರು, ಆದರೂ ನನ್ನನ್ನು ಅಕ್ಕಾರ ಅನ್ನುವುದು. ಎಷ್ಟೋ ವರ್ಷದಿಂದ ಚಾವಣಿಗಳ ಕೆಳಗೆ ತೂರಿ ಜ್ಯಾಕು ತಿರುಗಿಸಿದವರು. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

“ನಾವ್ ಎಲ್ಲಿರ್ತೀವಿ ಅಂತ ಕೇಳಿದ್ರೇನ್ರಿ ಅವರು? ಇಷ್ಟ ವರ್ಷದಾಗ ಯಾರೂ ಕೇಳಿಲ್ಲ ಬಿಡ್ರಿ ಅಕ್ಕಾರ.”

ನಾನೂ ಕೇಳಿರಲಿಲ್ಲ. ನನ್ನ ಚಿತ್ರದಲ್ಲಿ ಕಂಬಗಳಿದ್ದವು, ಬಾಣದ ಗುರುತುಗಳಿದ್ದವು. ಮನುಷ್ಯರನ್ನು ಯಾರು ಬರೆಯುತ್ತಾರೆ?

ಅದೇ ವಾರ ಲ್ಯಾಬಿನಿಂದ ಫಲಿತಾಂಶ ಬಂತು. ಚಿಪ್ಪಿನ ನಡುಭಾಗಕ್ಕೆ ಸುರಿದ ಕಾಂಕ್ರೀಟಿನ ಪರೀಕ್ಷಾ ತುಂಡುಗಳು ಬೇಗ ಪುಡಿಯಾಗಿದ್ದವು. ಮತ್ತಷ್ಟು ದಿನ ಬಿಟ್ಟು ಪರೀಕ್ಷಿಸಿದರೂ ಬಲ ನಾವು ಬಯಸಿದಷ್ಟು ಏರಲಿಲ್ಲ. ಕನ್ಸಲ್ಟೆಂಟ್ ಕಡೆಯವರು ಲೆಕ್ಕ ತಿರುಗಿಸಿ ನೋಡಿ, ಆದರೂ ನಿಲ್ಲುತ್ತದೆ, ಇಳಿಸಿ ಎಂದರು. ಲೆಕ್ಕ ನಾನೂ ನೋಡಿದೆ. ತಪ್ಪಿರಲಿಲ್ಲ. ಆದರೆ ನಿಲ್ಲುತ್ತದೆ ಎನ್ನುವುದಕ್ಕೂ ನಿಂತೀತು ಎನ್ನುವುದಕ್ಕೂ ನಡುವೆ ಐದಾರು ಜನ ಮನುಷ್ಯರು ಬಗ್ಗಿ ಕೂತು ಜ್ಯಾಕು ತಿರುಗಿಸಬೇಕಿತ್ತು. ದುಬೈನ ಅಲ್ ಬರ್ಷಾದ ನನ್ನ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಲೆಕ್ಕವನ್ನು ಮತ್ತೆ ತೆಗೆದು ನೋಡುತ್ತಿದ್ದೆ.

ಮುದುಕರು ದಿನವೂ ಸೈಟಿಗೆ ಬಂದು ಗೆಣ್ಣಿನಿಂದ ಚಿಪ್ಪಿನ ಅಂಚನ್ನು ತಟ್ಟಿ ಸದ್ದು ಕೇಳುತ್ತಿದ್ದರು. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಒಂದು ಮಧ್ಯಾಹ್ನ ಕಂಟೇನರ್ ಆಫೀಸಿನಲ್ಲಿ ಚಹಾ ಕೊಟ್ಟು ನೇರವಾಗಿ ಕೇಳಿಬಿಟ್ಟೆ, ನಿಮಗೇಕೆ ಈ ಹಠ, ಇಷ್ಟು ವಯಸ್ಸಾಗಿದೆ, ಹೋಟೆಲ್ಲಿನಲ್ಲಿ ಆರಾಮಾಗಿ ಇರಬಾರದೇ ಎಂದು.

ಅವರು ತಮ್ಮ ಕಥೆ ಹೇಳಿದರು. ಓದು ಮುಗಿಸಿ ಮೊದಲು ಕಟ್ಟಿದ್ದು ನೀರಿನ ಟ್ಯಾಂಕು. ಆಮೇಲೆ ಶಾಲೆ, ಸಂತೆಕಟ್ಟೆ, ಬಡವರ ಮನೆಗಳ ಸಾಲು. ಬಾಗಿಲು ಕಿಟಕಿಗಳ ಸಹವಾಸ ಸಾಕಾಗಿ ಶಿಲ್ಪಕ್ಕೆ ಇಳಿದರು. ವಾಸ್ತುಶಿಲ್ಪಿಗಳು ಇವನು ಕೆತ್ತುವವನು ಎಂದು ಹೊರಗಿಟ್ಟರು, ಶಿಲ್ಪಿಗಳು ಇವನು ಕಟ್ಟುವವನು ಎಂದು ಹೊರಗಿಟ್ಟರು. ಎರಡೂ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ. ಹೆಂಡತಿ ದುಡಿದು ಮನೆ ನಡೆಸಿದರು. ಐವತ್ತರ ಮೇಲೆ ಹೆಸರು ಬಂತು.

“ಆ ಸಂತೆಕಟ್ಟೆಯ ಚಾವಣಿ ಇಳಿಸುವಾಗ ನಾನು ಹೊರಗೆ ನಿಂತಿದ್ದೆ,” ಎಂದರು. “ಒಬ್ಬ ಕೆಲಸಗಾರ ಒಳಗೆ ಹೋಗುವ ಮುಂಚೆ ನನ್ನನ್ನು ನೋಡಿ, ನೀವು ಎಲ್ಲಿ ನಿಲ್ಲುತ್ತೀರಿ ಅಂತ ಕೇಳಿದ. ನಾನು ಸುಮ್ಮನಿದ್ದೆ.”

“ಚಾವಣಿ ಬಿತ್ತಾ?”

“ಇಲ್ಲ. ಏನೂ ಆಗಲಿಲ್ಲ. ಈಗಲೂ ನಿಂತಿದೆ. ಆ ಮನುಷ್ಯ ಹೊರಗೆ ಬಂದು ಕೈ ತೊಳೆದುಕೊಂಡು ನನ್ನ ಪಕ್ಕದಲ್ಲೇ ಹಾದುಹೋದ. ಮುಖ ನೋಡಲಿಲ್ಲ. ಆಮೇಲಿಂದ ನಾನು ಒಳಗೇ ನಿಲ್ಲುತ್ತೇನೆ.”

ನನಗೆ ರೇಗಿತು. ಯಾಕೆ ಸುಳ್ಳು ಹೇಳಲಿ, ಗೌರವಕ್ಕಿಂತ ಮೊದಲು ರೇಗಿದ್ದೇ ನಿಜ. “ನೀವು ಒಳಗೆ ನಿಂತರೆ ಸಾಯುವವರ ಲೆಕ್ಕಕ್ಕೆ ಇನ್ನೊಬ್ಬರು ಸೇರುತ್ತಾರೆ, ಅಷ್ಟೇ. ಅವರಿಗೆ ಅದರಿಂದ ಏನು ಬಂತು? ಯಾರೂ ಒಳಗಿರಬಾರದು. ಆ ಥರ ಏನಾದರೂ ಇದ್ದರೆ ಹೇಳಿ,” ಎಂದೆ.

ಅವರು ಚಹಾದ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಪೆನ್ನು ಕಿತ್ತುಕೊಂಡು ಟಿಶ್ಯೂ ಕಾಗದದ ಮೇಲೆ ಒಂದು ಡಬ್ಬಿ ಬರೆದರು. ಅವರ ಚಿಕ್ಕಂದಿನಲ್ಲಿ ಊರಿನ ಕಲ್ಲುಸೇತುವೆಯ ಕಮಾನಿಗೆ ಹೀಗೆ ಮಾಡಿದ್ದರಂತೆ. ಕಂಬದ ಬುಡಕ್ಕೆ ಜ್ಯಾಕಿನ ಬದಲು ಮರಳು ತುಂಬಿದ ಕಬ್ಬಿಣದ ಡಬ್ಬಿ, ಕಂಬ ನಿಲ್ಲುವುದು ಆ ಮರಳಿನ ಮೇಲೆಯೇ. ಡಬ್ಬಿಯ ಬದಿಯಲ್ಲಿ, ಬುಡದ ಹತ್ತಿರ ಒಂದು ತೂತು, ಅದಕ್ಕೆ ಬಿರಟೆ. ಬಿರಟೆ ತೆಗೆದರೆ ಮರಳು ಹೊರಗೆ ಸುರಿದು, ತೂತಿನ ಮುಂದೆ ಗುಪ್ಪೆಯಾಗಿ, ತಾನೇ ತೂತು ಮುಚ್ಚಿಕೊಂಡು ನಿಲ್ಲುತ್ತದೆ. ಕಂಬ ಅಷ್ಟೇ ಅಷ್ಟು ಇಳಿದಿರುತ್ತದೆ. ಗುಪ್ಪೆ ಗೋರಿದರೆ ಮತ್ತಷ್ಟು ಸುರಿಯುತ್ತದೆ.

“ಆಗ ಗೋರುವವನು ಪಕ್ಕದಲ್ಲೇ ಕೂರುತ್ತಿದ್ದ,” ಎಂದರು.

“ಗೋರೆಗೆ ಹಗ್ಗ ಕಟ್ಟಿದರೆ?” ಎಂದೆ. “ಹೊರಗಿನಿಂದ ಎಳೆದರೆ?”

ಮುದುಕರು ಮೊದಲ ಸಲ ನಕ್ಕರು.

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮಂಗಳೂರಿನವರು. ಒಳ್ಳೆಯ ಮನುಷ್ಯರು, ಆದರೆ ಉದ್ಘಾಟನೆಯ ದಿನ ಹತ್ತಿರ ಬಂದಂತೆಲ್ಲ ಅವರ ಧ್ವನಿ ಏರುತ್ತಿತ್ತು. “ಎಂತ ಮಾರಾಯ್ತಿ ನಿಂದು? ಜ್ಯಾಕು ಉಂಟಲ್ಲ, ಇಡೀ ಗಲ್ಫಿನಲ್ಲಿ ಜ್ಯಾಕಿನಲ್ಲೇ ಮಾಡುದು. ಮಕ್ಕಳ ಹಾಗೆ ಮರಳಿನಲ್ಲಿ ಆಡ್ಲಿಕ್ಕೆ ಹೊರಟಿದ್ದೀಯಲ್ಲ!” ಆದರೆ ಸೇಫ್ಟಿ ಆಫೀಸರ್ ನನ್ನ ಕಡೆ ನಿಂತ. ಒಂದು ಡಬ್ಬಿ ಮಾಡಿ ತೋರಿಸು, ಆಮೇಲೆ ಮಾತು ಎಂದು ಒಪ್ಪಿಗೆಯಾಯಿತು.

ಮಾಡಿ ತೋರಿಸಿದೆವು. ಮರ್ಯಾದೆ ಹೋಯಿತು. ಸೈಟಿನ ಮರಳನ್ನೇ ತುಂಬಿ, ಮೇಲೆ ಭಾರ ಹೇರಿ, ಎಲ್ಲರೂ ಸುತ್ತ ನಿಂತಾಗ ಬಿರಟೆ ಎಳೆದರೆ ಒಂದು ಹರಳೂ ಬೀಳಲಿಲ್ಲ. ಕಡಲ ದಂಡೆಯ ಮರಳು, ಉಪ್ಪಿನಂಶ, ಬೆಳಗಿನ ಜಾವದ ಮಂಜು. ಒಳಗೆ ಬೆಲ್ಲದ ಅಚ್ಚಿನ ಹಾಗೆ ಕಟ್ಟಿಕೊಂಡಿತ್ತು. ಮ್ಯಾನೇಜರ್ ಎರಡೂ ಕೈ ಮೇಲೆತ್ತಿ “ಖಲಾಸ್!” ಎಂದು ಕಾರು ಹತ್ತಿದರು.

ನಾನು ಅಲ್ಲೇ ಕುಕ್ಕರಿಸಿ ಕೂತು ಆ ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟೆ. ಅಂಗೈಗೆ ಅಂಟಿಕೊಂಡಿತು. ಥೂ ನನ್ನ ಬುದ್ಧಿಗಿಷ್ಟು! ನಾನು ಮಂಡಕ್ಕಿ ಭಟ್ಟಿಯಲ್ಲಿ ಬೆಳೆದವಳು. ದಾವಣಗೆರೆಯಲ್ಲಿ ನಮ್ಮಪ್ಪನದು ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಹಾಕಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅರಳಬೇಕು. ಮರಳು ತಂಪು ಹಿಡಿದಿದ್ದರೆ ಅರಳುವುದಿಲ್ಲ, ಇಡೀ ದಿನದ ದುಡಿಮೆ ಹಾಳು. ಮಳೆಗಾಲದಲ್ಲಿ ಅಪ್ಪ ಬೆಳಗ್ಗೆ ಎದ್ದವರೇ ಮರಳನ್ನು ಬರೀ ಬಾಣಲೆಯಲ್ಲಿ ಹುರಿದು, ಜರಡಿ ಹಿಡಿದು, ಬಿಸಿಯಿದ್ದಾಗಲೇ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿಯುತ್ತಿದ್ದರು. ಆರಿದ ಮೇಲೆ ತುಂಬಿದರೆ ಮತ್ತೆ ಗಾಳಿಯ ತೇವ ಎಳೆದುಕೊಳ್ಳುತ್ತದೆ ಎಂದು ನಮಗೆಲ್ಲ ಬೈದು ಬೈದು ಕಲಿಸಿದ್ದರು. ಅದನ್ನೆಲ್ಲ ಬಿಟ್ಟು ನಾನು ಇಂಜಿನಿಯರಿಂಗ್ ಪುಸ್ತಕ ಹುಡುಕುತ್ತಿದ್ದೆ.

ಸಪ್ಲೈಯರಿಗೆ ಫೋನು ಮಾಡಿ, ಸಮುದ್ರದ ಉಪ್ಪಿನ ಸೋಂಕಿಲ್ಲದ ಒಳನಾಡಿನ ದಿಬ್ಬದ ಮರಳು ತರಿಸಿದೆ. ಕಾಂಕ್ರೀಟಿಗೆ ಅದು ಬಾರದು, ಹರಳು ದುಂಡಗೆ, ನುಣುಪು. ನನಗೆ ಬೇಕಾಗಿದ್ದೂ ಅದೇ, ಜಾರುವ ಮರಳು. ಕಬ್ಬಿಣದ ಪೀಪಾಯಿಯನ್ನು ಉದ್ದಕ್ಕೆ ಸೀಳಿಸಿ, ಗ್ಯಾಸ್ ಒಲೆಯ ಮೇಲೆ ಹೂಡಿ, ಸಲಿಕೆಯಿಂದ ಮಗುಚುತ್ತಾ ಹುರಿಯಲು ಶುರು ಮಾಡಿದೆವು. ಗ್ಯಾಂಗಿನವರಿಗೆ ಹಬ್ಬ. ಫೋರ್‌ಮನ್ ಪಕ್ಕದಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಾ, “ಅಕ್ಕಾರ, ಹಿಡಿ ಅಕ್ಕಿ ಒಗದ್ರ ಚುರುಮುರಿನೂ ಆಗ್ತಾವ ನೋಡ್ರಿ. ಸಂಜಿ ಚಾಕ್ಕ ಚಿಂತಿ ಇಲ್ಲ,” ಎಂದರು.

“ನಮ್ಮೂರಲ್ಲಿ ಅದಕ್ಕೆ ಮಂಡಕ್ಕಿ ಅಂತಾರೆ. ಮಗುಚ್ರಿ ಅಣ್ಣಾ, ಸೀದುಹೋಗುತ್ತೆ,” ಎಂದೆ.

“ಮರಳೂ ಸೀತದೇನ್ರಿ?” ಎಲ್ಲರೂ ಗೊಳ್ಳೆಂದು ನಕ್ಕರು. ಎಷ್ಟೋ ದಿನದ ಮೇಲೆ ನಾನೂ ನಕ್ಕೆ.

ಎರಡನೆಯ ಪರೀಕ್ಷೆಯಲ್ಲಿ ಮರಳು ನೀರಿನ ಹಾಗೆ ಹರಿದು, ಗುಪ್ಪೆ ಕಟ್ಟಿ, ತಾನೇ ನಿಂತಿತು. ಗೋರೆ ಎಳೆದರೆ ಮತ್ತೆ ಹರಿಯಿತು. ಕನ್ಸಲ್ಟೆಂಟ್ ಒಪ್ಪಿದರು. ಉಳಿದ ಕಂಬಗಳು ಭಾರ ಹೊತ್ತಿರುವಾಗಲೇ ಜ್ಯಾಕುಗಳ ಜಾಗಕ್ಕೆ ಒಂದೊಂದಾಗಿ ಡಬ್ಬಿ ಕೂರಿಸಿ, ಬಿಸಿ ಮರಳು ತುಂಬಿ, ಕಂಬ ಒಳಹೋಗುವ ಮೇಲಿನ ಬಾಯಿಗೆ ರಬ್ಬರು ಸುತ್ತಿ ಟೇಪು ಹಾಕಿದೆವು. ಪ್ರತಿ ಗೋರೆಗೆ ಸುತ್ತುಹಗ್ಗ. ಒಂದು ಕಡೆ ಎಳೆದರೆ ಗೋರುತ್ತದೆ, ಇನ್ನೊಂದು ಕಡೆ ಎಳೆದರೆ ತನ್ನ ಜಾಗಕ್ಕೆ ಮರಳುತ್ತದೆ. ಹಗ್ಗಗಳ ತುದಿ ಚಿಪ್ಪಿನಿಂದ ದೂರ, ಬಯಲಿನಲ್ಲಿ. ಇನ್ನು ಮುದುಕರು ಎಲ್ಲಿ ನಿಂತರೂ ಅಡ್ಡಿಯಿರಲಿಲ್ಲ, ಒಳಗೊಂದು ಬಿಟ್ಟು.

ಆಸರೆ ಇಳಿಸುವ ದಿನ ಬೆಳಗ್ಗೆ ಮಂಜು ದಟ್ಟವಾಗಿತ್ತು. ಕಂಬಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಂಜು ಕರಗುವ ತನಕ ಕಾಯ್ದು, ಬಿರಟೆಗಳನ್ನು ದಾರದಿಂದ ಎಳೆದು, ನಡುವಿನಿಂದ ಶುರು ಮಾಡಿದೆವು. ನಾನು ಕೂಗುವುದು, ಗ್ಯಾಂಗಿನವರು ಎಳೆಯುವುದು, ಸರ್ವೇಯರ್ ಚಿಪ್ಪು ಎಷ್ಟು ತಗ್ಗಿತು ಎಂದು ಹೇಳುವುದು. ಮುದುಕರು ಹಗ್ಗ ಹಿಡಿದವರ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ಚಿಪ್ಪಿನ ಮೇಲಿನ ಕಣ್ಣು ಕದಲಿಸಲಿಲ್ಲ. ಮೊದಲ ಸುತ್ತು ಆಯಿತು. ಎರಡನೆಯದೂ ಆಯಿತು. ಮೂರನೆಯ ಸುತ್ತಿನಲ್ಲಿ, ನಡುಭಾಗದಿಂದ ಸಮುದ್ರದ ಕಡೆಗಿದ್ದ ಒಂದು ಕಂಬ ಇಳಿಯಲಿಲ್ಲ.

ಹಗ್ಗ ಎಳೆದರು. ಗೋರೆ ಬರಿದೇ ಹೋಗಿ ಬಂತು. ಮತ್ತೆ ಎಳೆದರು. ಬೈನಾಕ್ಯುಲರ್ ಹಿಡಿದು ನೋಡಿದೆ. ಡಬ್ಬಿಯ ಬಾಯಿಯ ಟೇಪು ಕಿತ್ತು ಜೋತಾಡುತ್ತಿತ್ತು. ಮಂಜಿನ ನೀರು ಕಂಬದಗುಂಟ ಇಳಿದು ಒಳಗೆ ಸೇರಿತ್ತು. ಸುತ್ತಲಿನ ಕಂಬಗಳೆಲ್ಲ ತಗ್ಗಿ, ಅದೊಂದು ಮಾತ್ರ ಮೊಂಡು ಹಿಡಿದು ಚಿಪ್ಪನ್ನು ಕೆಳಗಿನಿಂದ ಗುದ್ದುತ್ತಾ ನಿಂತಿತ್ತು. ಅದೂ ನಡುವಿನ ದುರ್ಬಲ ಕಾಂಕ್ರೀಟಿನ ಹತ್ತಿರ. ಮರಳಿನ ಡಬ್ಬಿಯ ತೊಂದರೆಯೇ ಅದು, ಇಳಿದದ್ದನ್ನು ಮತ್ತೆ ಏರಿಸಲು ಆಗುವುದಿಲ್ಲ. ‘ಚಟ್’ ಎಂದು ಒಂದು ಸದ್ದು ಬಂತು. ಎಲ್ಲರಿಗೂ ಕೇಳಿಸಿತು.

ಫೋರ್‌ಮನ್ ಆಗಲೇ ಸುತ್ತಿಗೆ ಹಿಡಿದಿದ್ದರು. “ಒಂದ ಏಟು ಅಕ್ಕಾರ. ಡಬ್ಬಿಗಿ ಒಂದ ಏಟು ಹಾಕಿದ್ರ ಸುರೀತದ. ಹೋಗಿ ಬಂದಬಿಡ್ತೀನ್ರಿ.”

“ನಿಲ್ರಿ.”

“ಹೊತ್ತಾದಷ್ಟು ಚಿಪ್ಪು ಹೋಗ್ತದ್ರಿ!”

“ಹೋಗಲಿ. ನಿಲ್ರಿ ಅಂದೆ!”

ಮ್ಯಾನೇಜರ್ ಓಡಿಬಂದರು. “ಅವನು ಹೋಗ್ತೇನೆ ಅಂತಾನಲ್ಲ ಮಾರಾಯ್ತಿ, ಒಂದು ನಿಮಿಷದ ಕೆಲಸ! ಇಡೀ ಕೆಲಸ ಹಾಳಾಗ್ತದೆ, ಗೊತ್ತುಂಟಾ ನಿಂಗೆ?” ಗೊತ್ತಿತ್ತು. ಒಂದು ಏಟು ಬಿದ್ದರೆ ಮರಳು ಸುರಿದೀತು. ಅಥವಾ ಕಂಬ ಒಮ್ಮೆಲೇ ಕುಸಿದು, ಚಿಪ್ಪು ಅದರ ಮೇಲೆ, ಆ ಮನುಷ್ಯನ ಮೇಲೆ ಬಂದೀತು. ಎರಡರಲ್ಲಿ ಯಾವುದು ಎಂದು ಹೇಳುವ ಲೆಕ್ಕ ನನ್ನಲ್ಲಿರಲಿಲ್ಲ. ನಾನು ಫೋರ್‌ಮನ್ ಅಂಗಿ ಹಿಡಿದುಕೊಂಡಿದ್ದೆ, ಜಾತ್ರೆಯಲ್ಲಿ ಮಗುವನ್ನು ಹಿಡಿದುಕೊಂಡ ಹಾಗೆ. ಬಿಡಲಿಲ್ಲ.

ಹಾಗೇ ಅಂಗಿ ಹಿಡಿದುಕೊಂಡೇ ಮುದುಕರಿಗೆ ಹೇಳಿದೆ. “ಯಾರನ್ನೂ ಒಳಗೆ ಕಳಿಸುವುದಿಲ್ಲ. ಆ ಮರಳನ್ನು ಅಲ್ಲೇ ಮತ್ತೆ ಹುರಿಯಬೇಕು. ಬಣ್ಣ ಒಣಗಿಸುವ ಬಿಸಿಗಾಳಿಯ ಯಂತ್ರ ನಮ್ಮ ದುಬೈ ವರ್ಕ್‌ಶಾಪಿನಲ್ಲಿದೆ. ಬರೋದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಚಿಪ್ಪು ಒಡೆಯಬಹುದು.”

ಮುದುಕರು ಒಮ್ಮೆ ಚಿಪ್ಪಿನ ಕಡೆ ನೋಡಿದರು. ಇಂಥದ್ದನ್ನು ಇನ್ನೊಂದು ಮಾಡುವಷ್ಟು ಆಯಸ್ಸು ತಮಗಿಲ್ಲ ಎಂದು ಅವರೇ ಹಿಂದೊಮ್ಮೆ ಹೇಳಿದ್ದರು.

“ಒಡೆದರೆ ನನ್ನದು ಒಡೆಯುತ್ತದೆ,” ಎಂದರು. “ತರಿಸಿ.”

ಮ್ಯಾನೇಜರ್ ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿದರು. ಹೆಲ್ಮೆಟ್ಟು ತೆಗೆದು ನೆಲಕ್ಕೆ ಬಿಸಾಕಿದರು. “ಡ್ರೈವರನ್ನು ಕಳಿಸಿದ್ರೆ ಸಂಜೆ ಆಗ್ತದೆ. ನಾನೇ ಹೋಗ್ತೇನೆ,” ಎಂದು ಕಾರಿನ ಕಡೆ ಓಡಿದರು. ಆ ಹೊತ್ತಿಗೆ ಅವರ ಬಗ್ಗೆ ಮನಸ್ಸಿನಲ್ಲಿ ಬೈದುಕೊಂಡದ್ದನ್ನೆಲ್ಲ ವಾಪಸ್ಸು ತೆಗೆದುಕೊಂಡೆ.

ಕಾಯುವುದು ಇದೆಯಲ್ಲ, ಅದರಂಥ ಶಿಕ್ಷೆ ಇಲ್ಲ. ಅಬುಧಾಬಿಯಿಂದ ದುಬೈಗೆ ಹೋಗಿ, ಯಂತ್ರ ಹೇರಿಕೊಂಡು ಬರಬೇಕು. ಯಾರೂ ಊಟಕ್ಕೆ ಏಳಲಿಲ್ಲ. ನಡುನಡುವೆ ‘ಚಟ್’. ಪ್ರತಿ ಸದ್ದಿಗೂ ಮುದುಕರು ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಸರ್ವೇಯರ್ ಅಂಚಿನ ಬಳಿ ಒಂದು ಬಿರುಕು ಕಂಡಿತು ಎಂದ. ಕೂದಲೆಳೆಯಷ್ಟು. ಸ್ವಲ್ಪ ಹೊತ್ತಿನ ಮೇಲೆ ಅದು ಉದ್ದವಾಯಿತು ಎಂದ. ಫೋರ್‌ಮನ್ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ, ಬೇಡ. ಸುತ್ತಿಗೆಯನ್ನು ಅವರ ಕೈಯಿಂದ ತೆಗೆದು ನನ್ನ ಕಾಲ ಕೆಳಗಿಟ್ಟುಕೊಂಡೆ. ನನ್ನ ನಿರ್ಧಾರ ತಪ್ಪಾಗಿದ್ದರೆ ಒಬ್ಬ ಮನುಷ್ಯನ ಇಡೀ ಬದುಕಿನ ಕೊನೆಯ ಕೆಲಸವನ್ನು ಕೊಂದವಳು ನಾನಾಗುತ್ತಿದ್ದೆ. ಆದರೂ ಬೇಡ.

ಮ್ಯಾನೇಜರ್ ಬಂದಾಗ ಬಿಸಿಲು ಓರೆಯಾಗಿತ್ತು. ಬಿಸಿಗಾಳಿಯ ಯಂತ್ರಕ್ಕೆ ಏಸಿಯ ಸುರುಳಿ ಕೊಳವೆ ಜೋಡಿಸಿ, ಕೊಳವೆಯ ಬಾಯನ್ನು ಆ ಗೋರೆಯ ಸುತ್ತುಹಗ್ಗಕ್ಕೆ ಕಟ್ಟಿದೆವು. ಹಗ್ಗ ಎಳೆದರೆ ಕೊಳವೆ ತೆವಳುತ್ತಾ ಕಂಬಗಳ ನಡುವೆ ಸಾಗಿತು. ಎರಡು ಕಡೆ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದು, ಮತ್ತೆ ಮುಂದಕ್ಕೆ. ಕೊನೆಗೂ ಡಬ್ಬಿಯ ಬುಡ ಮುಟ್ಟಿತು.

ಯಂತ್ರ ಒದರತೊಡಗಿತು. ನಾವೆಲ್ಲ ಆ ಒಂದು ತೂತನ್ನೇ ನೋಡುತ್ತಾ ನಿಂತೆವು. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಒಂದಿಷ್ಟು ಹರಳು ಉದುರಿತು. ಚಿಟಿಕೆಯಷ್ಟು. ಬೈನಾಕ್ಯುಲರನ್ನು ಕಣ್ಣಿಗೆ ಒತ್ತಿ ಹಿಡಿದೆ. ಮತ್ತೊಂದಿಷ್ಟು. ಆಮೇಲೆ ಸಣ್ಣ ಧಾರೆ.

“ಸುರಿಯಾಕ್ಹತ್ತೇತ್ರಿ!” ಎಂದು ಫೋರ್‌ಮನ್ ಕಿರುಚಿದರು.

ಕಂಬ ಇಳಿಯಿತು. ಸಾವಕಾಶ ಇಳಿದು ಉಳಿದವುಗಳ ಸಾಲಿಗೆ ಬಂತು. ಅಲ್ಲಿಂದ ಮುಂದಿನ ಸುತ್ತು, ಅದರ ಮುಂದಿನದು. ಕೊನೆಗೆ ಒಂದೊಂದೇ ಕಂಬದ ತಲೆಗೂ ಚಿಪ್ಪಿಗೂ ನಡುವೆ ಬೆಳಕು ಕಂಡಿತು. ಸರ್ವೇಯರ್ ಬಹಳ ಹೊತ್ತು ನೋಡಿ, ಚಿಪ್ಪು ಅಲ್ಲಾಡುತ್ತಿಲ್ಲ ಎಂದ. ಬಿರುಕು ಇದ್ದ ಜಾಗದಲ್ಲೇ ನಿಂತಿತ್ತು. ಕನ್ಸಲ್ಟೆಂಟ್ ಅದನ್ನು ನೋಡಿ, ತುಂಬಿಸಿದರೆ ಸಾಕು ಎಂದರು.

ಮ್ಯಾನೇಜರ್ ಶಿಲುಬೆಯ ಗುರುತು ಮಾಡಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಗ್ಯಾಂಗಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮುದುಕರು ಕುರ್ಚಿಯಿಂದ ಏಳಲು ಹೋಗಿ ಆಗದೆ ಮತ್ತೆ ಕೂತರು. ಅವರಿಗೆ ನೀರು ಕೊಡೋಣ ಎಂದು ತಿರುಗಿದರೆ ಫೋರ್‌ಮನ್ ಒಂದು ಬದಿಗೆ ನಿಂತು ವಿಡಿಯೊ ಕಾಲಿನಲ್ಲಿ ಹೆಂಡತಿಯ ಜೊತೆ ಮಾತಾಡುತ್ತಿದ್ದರು.

“ಆತು. ಎಲ್ಲಾ ಆತು... ಇಲ್ಲ, ನಾ ಒಳಗ ಹೋಗಿಲ್ಲ... ಯಾರೂ ಹೋಗಿಲ್ಲ. ಎಲ್ಲಾರೂ ಹೊರಗ ನಿಂತಿದ್ವಿ... ಏ, ಸುಳ್ಳ ಯಾಕ ಹೇಳ್ಲಿ? ಪ್ರತಿ ಸಲಾನೂ ಹಿಂಗಽ ಅಂತೀನಿ ಅಂತೀಯೇನ? ಈ ಸಲ ಖರೇನ. ತಡಿ, ಇಲ್ಲೇ ಅದಾರ ನಮ್ಮ ಅಕ್ಕಾರ, ಅವರನ್ನಽ ಕೇಳು.”

ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ನನಗೆ ನಮಸ್ಕಾರ ಕೂಡ ಹೇಳಲಿಲ್ಲ. ಬೆಳಗಿನಿಂದ ಫೋನು ಕೈಯಲ್ಲೇ ಹಿಡಿದು ಕೂತಿದ್ದರೋ ಏನೋ, ಕಣ್ಣು ಊದಿಕೊಂಡಿದ್ದವು.

“ಹೌದೇನ್ರಿ ಅಕ್ಕಾರ?” ಎಂದರು. “ಒಳಗ ಹೋಗಿದ್ದಿಲ್ಲೇನ್ರಿ?”

“ಇಲ್ಲಮ್ಮ,” ಎಂದೆ. “ಹೊರಗೇ ಇದ್ದರು. ನನ್ನ ಪಕ್ಕದಲ್ಲೇ.”

ಆಕೆಯೂ ಅಳುತ್ತಿದ್ದರು, ನಾನೂ ಅಳುತ್ತಿದ್ದೆ.